ಕೊನೆಯ ಸೈಕಲ್ ದಾಟುವವರೆಗೆ ನಿಂತವರು: ಕೊಪ್ಪಳದ ಸಹಾಯಾರ್ಥ ಜಾಥಾವೊಂದರ ಪ್ರಕರಣ ಅಧ್ಯಯನ

ಮೂತ್ರಪಿಂಡ ಕೆಲಸ ನಿಲ್ಲಿಸಿದ್ದರಿಂದ ಡಯಾಲಿಸಿಸ್ (ಯಂತ್ರದ ಮೂಲಕ ರಕ್ತ ಶುದ್ಧಿ) ಮಾಡಿಸಿಕೊಳ್ಳುವ ರೋಗಿಗಳ ನೆರವಿಗೆಂದು ಕೊಪ್ಪಳದಲ್ಲಿ ಕೆಲವು ವರ್ಷಗಳಿಂದ ಫೆಬ್ರುವರಿ ತಿಂಗಳ ಒಂದು ಭಾನುವಾರ ನಡಿಗೆ, ಓಟ ಮತ್ತು ಸೈಕಲ್ ಜಾಥಾ ನಡೆಯುತ್ತಿದೆ. ಇದನ್ನು ನಡೆಸುವವರು ವ್ಯಾಪಾರಿಗಳು, ವೈದ್ಯರು, ಶಿಕ್ಷಕರು ಸೇರಿ ಕಟ್ಟಿಕೊಂಡ ಒಂದು ಚಿಕ್ಕ ಸಮಿತಿಯವರು. ಸಮಿತಿಯ ಹೆಸರಾಗಲಿ, ಅದರಲ್ಲಿರುವವರ ಹೆಸರಾಗಲಿ ಈ ಅಧ್ಯಯನಕ್ಕೆ ಅಗತ್ಯವಿಲ್ಲ. ಜಾಥಾ ನಡೆಯಲು ಬೆವರು ಸುರಿಸಿದ ಸ್ವಯಂಸೇವಕರನ್ನು ಸಮಿತಿ ಮೊದಲು ಹೇಗೆ ನಡೆಸಿಕೊಂಡಿತು, ಅದರಿಂದ ಏನಾಯಿತು, ಆಮೇಲೆ ಏನು ಬದಲಾಯಿತು ಎಂಬುದಷ್ಟೇ ಇಲ್ಲಿನ ವಿಷಯ. ಕಾಲೇಜೊಂದರ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಘಟಕವನ್ನು ನೋಡಿಕೊಳ್ಳುವ ನನ್ನನ್ನು ಮೂರನೆಯ ವರ್ಷದಲ್ಲಿ ಸಮಿತಿಯವರು ಕರೆದು ಸ್ವಯಂಸೇವಕರ ಹೊಣೆಯನ್ನು ಒಪ್ಪಿಸಿದರು. ಅದಕ್ಕೆ ಹಿಂದಿನದನ್ನು ಕಂಡವರ ಬಾಯಿಂದ ಕೇಳಿ ಬರೆದಿದ್ದೇನೆ, ಅನಂತರದ್ದನ್ನು ನಾನೇ ಕಂಡಿದ್ದೇನೆ.

ಹಣ ಸಂಗ್ರಹದ ಉದ್ದೇಶವನ್ನು ಮೊದಲು ಹೇಳಬೇಕು, ಏಕೆಂದರೆ ಮುಂದೆ ಬರುವ ಹಲವು ತಕರಾರುಗಳ ಮೂಲ ಅದರಲ್ಲಿದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಾಗಿ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ಡಯಾಲಿಸಿಸ್ ಉಚಿತವಾಗಿ ದೊರೆಯುತ್ತದೆ. ಆದರೆ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕಾದವರಿಗೆ ಊರಿಂದ ಬಂದುಹೋಗುವ ಖರ್ಚು, ಜೊತೆಗೆ ಬರುವವರ ಊಟ, ಕಳೆದುಹೋಗುವ ದಿನಗೂಲಿ, ಹೊರಗೆ ಕೊಳ್ಳಬೇಕಾದ ಔಷಧ ಇವೆಲ್ಲ ಉಳಿದೇ ಉಳಿಯುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದರ ಇಲ್ಲವಾದ್ದರಿಂದ ಅವರ ಭಾರ ಅಷ್ಟರಮಟ್ಟಿಗೆ ಇಳಿಯಿತು. ಗಂಡಸು ರೋಗಿಗಳ ಭಾರ ಇಳಿಯಲಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬರುವವರಿಗೆ ಬಸ್ಸಿನ ಹಣ ಮತ್ತು ಒಂದು ಊಟ ಕೊಡುವುದು ಸಮಿತಿಯ ಕೆಲಸ. ಅಂದರೆ ಜಾಥಾದ ಪೆಟ್ಟಿಗೆಗೆ ಬೀಳುವ ಪ್ರತಿ ರೂಪಾಯಿಯೂ ಒಬ್ಬರ ಬಸ್ ಟಿಕೆಟ್ ಆಗಬಲ್ಲದು.

ಜಾಥಾ ಬೆಳಿಗ್ಗೆ ಆರೂವರೆಗೆ ಜಿಲ್ಲಾ ಕ್ರೀಡಾಂಗಣದಿಂದ ಹೊರಡುತ್ತದೆ. ನಡೆಯುವವರು ಮತ್ತು ಓಡುವವರು ಅಶೋಕ ವೃತ್ತದ ಮೂಲಕ ಪಟ್ಟಣದೊಳಗೇ ಸುತ್ತು ಹಾಕಿ ಮರಳುತ್ತಾರೆ. ಸೈಕಲ್‌ನವರು ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಕಿನ್ನಾಳದವರೆಗೆ ಹೋಗಿ ಅದೇ ದಾರಿಯಲ್ಲಿ ಹಿಂತಿರುಗುತ್ತಾರೆ. ಪಟ್ಟಣದೊಳಗಿನ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ: ನೋಂದಣಿ ಮೇಜು, ಎದೆಗೆ ಅಂಟಿಸುವ ನಂಬರ್ ಚೀಟಿ ಹಂಚುವುದು, ಬ್ಯಾಗು ಕಾಯುವುದು, ಕೊನೆಯ ಗೆರೆಯ ಬಳಿ ಪದಕ ಹಾಕುವುದು. ಕಿನ್ನಾಳ ರಸ್ತೆಯ ತಿರುವುಗಳಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುವವರ ಕೆಲಸ ಯಾರಿಗೂ ಕಾಣುವುದಿಲ್ಲ. ಅಡ್ಡ ಬರುವ ಟ್ರ್ಯಾಕ್ಟರನ್ನು ಒಂದು ನಿಮಿಷ ತಡೆಯುವುದು, ರಸ್ತೆಗೆ ಇಳಿಯುವ ದನಗಳನ್ನು ಬದಿಗೆ ಹೊಡೆಯುವುದು, ಚೈನು ಕಳಚಿದ ಹುಡುಗನಿಗೆ ಅದನ್ನು ಏರಿಸಿಕೊಡುವುದು, ತಲೆ ಸುತ್ತಿದವರನ್ನು ನೆರಳಿಗೆ ಕೂರಿಸಿ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಕಲಸಿದ ಓಆರ್‌ಎಸ್ ಕುಡಿಸುವುದು ಇವೆಲ್ಲ ಅವರ ಪಾಲಿನವು.

ನೀರಿನ ಮೇಜಿನ ಕೆಲಸವೂ ಹೊರಗಿನಿಂದ ಕಾಣುವಷ್ಟು ಹಗುರವಲ್ಲ. ಲೋಟವನ್ನು ಮುಕ್ಕಾಲು ತುಂಬಬೇಕು, ಓಡುತ್ತಲೇ ತೆಗೆದುಕೊಳ್ಳುವವರ ಕೈಗೆ ಅಂಚು ಸಿಗುವಂತೆ ಅಡಿಯಲ್ಲಿ ಹಿಡಿದು ಚಾಚಬೇಕು, ಬಿಸಾಡಿದ ಲೋಟಗಳು ಹಿಂದೆ ಬರುವವರ ಕಾಲಿಗೆ ಸಿಗದಂತೆ ಆಗಾಗ ಬಾಚಬೇಕು. ಇದನ್ನು ಮೂರು ತಾಸು ಬಾಗಿ ಮಾಡಿದವರಿಗೆ ಸೊಂಟ ಹಿಡಿದುಕೊಳ್ಳುತ್ತದೆ.

ಎರಡನೆಯ ವರ್ಷ ನಡೆದದ್ದು

ಆ ವರ್ಷ ಭಾಗವಹಿಸಿದವರ ಸಂಖ್ಯೆ ಹೆಚ್ಚಿತ್ತು. ಸಮಿತಿಯವರಿಗೆ ಅದು ಹೆಮ್ಮೆಯ ದಿನ. ಕ್ರೀಡಾಂಗಣದ ವೇದಿಕೆಯಲ್ಲಿ ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ದಾನಿಗಳಿಗೆ ನೆನಪಿನ ಕಾಣಿಕೆ ಎಂದು ಸನ್ಮಾನ ಒಂದು ತಾಸಿಗೂ ಮೀರಿ ನಡೆಯಿತು. ನಿರೂಪಕರು ಕೊನೆಯಲ್ಲಿ “ನಮ್ಮ ಎಲ್ಲ ಸ್ವಯಂಸೇವಕರಿಗೂ ಒಂದು ಜೋರಾದ ಚಪ್ಪಾಳೆ” ಎಂದರು, ಚಪ್ಪಾಳೆಯೂ ಬಿತ್ತು. ಆ ಹೊತ್ತಿನಲ್ಲಿ ಕಿನ್ನಾಳ ರಸ್ತೆಯ ಎರಡು ತಿರುವುಗಳಲ್ಲಿ ನಿಂತಿದ್ದವರು ಇನ್ನೂ ಅಲ್ಲಿಯೇ ಇದ್ದರು. ಬೆಳಿಗ್ಗೆ ಕತ್ತಲಿರುವಾಗಲೇ ಅವರನ್ನು ಟೆಂಪೊದಲ್ಲಿ ತಂದು ಇಳಿಸಿದ್ದರು, ಕರೆದೊಯ್ಯುವ ಹೊಣೆಯನ್ನು ಯಾರಿಗೂ ವಹಿಸಿರಲಿಲ್ಲ. ಅವರ ಪಾಲಿನ ನೀರಿನ ಕ್ಯಾನು ಸೈಕಲ್‌ನವರಿಗೇ ಮುಗಿದಿತ್ತು. ಫೆಬ್ರುವರಿಯಾದರೂ ನಮ್ಮ ಕಡೆಯ ಬಿಸಿಲು ಹತ್ತು ಗಂಟೆಗೇ ಚುರುಗುಟ್ಟುತ್ತದೆ, ಆ ರಸ್ತೆಯಲ್ಲಿ ನೆರಳೂ ಕಡಿಮೆ. ಕೊನೆಗೆ ಹೊಲಕ್ಕೆ ಹೊರಟಿದ್ದ ಒಬ್ಬರು ಎರಡು ಸರದಿಯಲ್ಲಿ ತಮ್ಮ ಬೈಕಿನ ಮೇಲೆ ಅವರನ್ನು ಪಟ್ಟಣಕ್ಕೆ ತಂದು ಬಿಟ್ಟರು. ಅವರು ಬರುವ ಹೊತ್ತಿಗೆ ನಾಷ್ಟಾ ಖಾಲಿಯಾಗಿತ್ತು, ಶಾಮಿಯಾನ ಬಿಚ್ಚುತ್ತಿದ್ದರು.

ತಿಂಗಳ ಬಳಿಕ ಪ್ರಮಾಣಪತ್ರಗಳು ಕಟ್ಟಿನಲ್ಲಿ ಕಾಲೇಜುಗಳಿಗೆ ಬಂದವು. ಎಲ್ಲದರಲ್ಲೂ ಒಂದೇ ಒಕ್ಕಣೆ, ಕೆಲವರ ಹೆಸರು ತಪ್ಪು. ಹೆಸರೇ ಇಲ್ಲದ ಖಾಲಿ ಪ್ರತಿಗಳೂ ಅದರಲ್ಲಿದ್ದವು, “ಬೇಕಾದವರು ಬರೆದುಕೊಳ್ಳಲಿ” ಎಂಬ ಸೂಚನೆಯೊಂದಿಗೆ. ಅಂಥ ಪತ್ರವನ್ನು ಬಿಸಿಲಲ್ಲಿ ನಿಂತವರೂ ಪಡೆಯಬಹುದು, ಮನೆಯಲ್ಲಿ ಮಲಗಿದ್ದವರೂ ಪಡೆಯಬಹುದು. ನನ್ನ ದೃಷ್ಟಿಯಲ್ಲಿ ಊಟ ತಪ್ಪಿದ್ದಕ್ಕಿಂತ ಇದು ಹೆಚ್ಚು ನೋಯಿಸುವ ಸಂಗತಿ.

ಮೂರನೆಯ ವರ್ಷ ಜನವರಿಯಲ್ಲಿ ಸಮಿತಿ ಹಳೆಯ ಪಟ್ಟಿ ಹಿಡಿದು ಕರೆ ಮಾಡತೊಡಗಿದಾಗ ಅರ್ಧದಷ್ಟು ಜನ ಬರಲೊಪ್ಪಲಿಲ್ಲ. ಜಗಳವಾಡಿದವರು ಯಾರೂ ಇಲ್ಲ. ಪರೀಕ್ಷೆ ಇದೆ, ಊರಲ್ಲಿ ಲಗ್ನ ಇದೆ, ನೋಡೋಣ ಎಂದರು. ಸಮಿತಿಯ ಕೆಲವರು “ಈಗಿನ ಹುಡುಗರಿಗೆ ಸೇವಾ ಮನೋಭಾವವೇ ಇಲ್ಲ” ಎಂಬ ತೀರ್ಮಾನಕ್ಕೆ ಬಂದಿದ್ದರು. ಹಾಜರಾತಿ ಕೊಡುತ್ತೇವೆಂದು ಹೇಳಿ ವಿದ್ಯಾರ್ಥಿಗಳನ್ನು ಕಳಿಸಿಕೊಡಿ ಎಂದು ನನ್ನನ್ನು ಕೇಳಿದ್ದೂ ಈ ಹಿನ್ನೆಲೆಯಲ್ಲಿಯೇ. ನಾನು ಅದಕ್ಕೆ ಒಪ್ಪಲಿಲ್ಲ. ಎನ್‌ಎಸ್‌ಎಸ್ 1969ರ ಸೆಪ್ಟೆಂಬರ್ 24ರಂದು ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ ಹುಟ್ಟಿದ ಯೋಜನೆ. ಅದರಲ್ಲಿ ವರ್ಷಕ್ಕೆ 120 ತಾಸಿನ ಸೇವೆಯ ಲೆಕ್ಕವಿದೆ ಎಂಬುದು ನಿಜ, ಆದರೆ ಹಾಜರಾತಿಯ ಹೆದರಿಕೆಯಿಂದ ಬಂದವರನ್ನು ಸ್ವಯಂಸೇವಕರೆಂದು ಕರೆದು ಆಮೇಲೆ ಅವರಿಗೆ ಕೃತಜ್ಞತೆ ಹೇಳುವುದರಲ್ಲಿ ಅರ್ಥವಿಲ್ಲ. ಹೊಸಬರನ್ನು ಒಟ್ಟುಮಾಡುವ ಮೊದಲು ಬರಲೊಲ್ಲದವರನ್ನು ಮಾತಾಡಿಸಿ ಬರುತ್ತೇನೆಂದು ಸಮಿತಿಯ ಒಪ್ಪಿಗೆ ಪಡೆದೆ.

ಅವರು ಹೇಳಿದ್ದು

ಪದವಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಎರಡನೆಯ ತಿರುವಿನಲ್ಲಿ ನಿಂತಿದ್ದವಳು. ಅವಳ ಮಾತನ್ನು ಅವಳದೇ ನುಡಿಯಲ್ಲಿ ಕೊಡುತ್ತೇನೆ: “ಕೊನೀ ಸೈಕಲ್ ಹೋತೋ ಇಲ್ಲೋ ಅಂತ ಹೇಳಾಕರ ಒಬ್ರು ಬರಬೇಕಿತ್ರಿ ಸರ್. ನಾವು ಬಿಟ್ಟು ಬಂದು, ಹಿಂದ ಯಾರರ ಬಂದು ದಾರಿ ತಪ್ಪಿದ್ರ ಅಂತ ಹೇಳಿ ಅಲ್ಲೇ ನಿಂತ್ವಿ.” ನಾನು ಕೇಳಿದ ಎಲ್ಲ ದೂರುಗಳಲ್ಲಿ ಇದು ನನ್ನನ್ನು ಹೆಚ್ಚು ಕಾಡಿತು. ಅವಳು ತನ್ನ ಹಸಿವಿನ ಬಗ್ಗೆ ಹೇಳುತ್ತಿರಲಿಲ್ಲ. ತಾನು ಹೊತ್ತ ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯುವ ಹಕ್ಕೂ ತನಗಿಲ್ಲವಾಯಿತಲ್ಲ ಎಂಬುದು ಅವಳ ಸಂಕಟ.

ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಸನ್ಮಾನದ ಮಾತೆತ್ತಿದ ಕೂಡಲೇ ಕೈ ಅಡ್ಡ ಹಿಡಿದರು. “ತಮ್ಮಾ, ನನಗ ಶಾಲು ಬ್ಯಾಡ, ಮನಿಯಾಗ ಶಾಲು ಅದಾವ. ಹುಡುಗೂರಿಗೆ ಹೊತ್ತಿಗೆ ಸರಿಯಾಗಿ ನಾಷ್ಟಾ ಕೊಡ್ರಿ.” ಇನ್ನೊಬ್ಬ ಯುವಕ ಜಾಥಾದಲ್ಲಿ ಬಂದ ಹಣ ಎಲ್ಲಿಗೆ ಹೋಯಿತು, ಯಾರಿಗೆ ಮುಟ್ಟಿತು ಎಂಬುದು ತನಗೆ ಇವತ್ತಿಗೂ ಗೊತ್ತಿಲ್ಲ ಎಂದ. ಅವನಿಗೆ ಅನುಮಾನವಿರಲಿಲ್ಲ, ತಿಳಿಯುವ ಆಸೆಯಿತ್ತು. ಇಬ್ಬರು ವಿದ್ಯಾರ್ಥಿನಿಯರ ಮನೆಯವರು ಬೇರೆಯೇ ವಿಷಯ ಹೇಳಿದರು: ಮಕ್ಕಳನ್ನು ಕೇಳದೆ ಅವರ ಫೋಟೋಗಳನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಲಾಗಿತ್ತು, ಅದು ಊರಿನಲ್ಲಿ ಮಾತಿಗೆ ಕಾರಣವಾಗಿತ್ತು. ಮೆಚ್ಚುಗೆಯೆಂದೇ ಹಾಕಿದ ಫೋಟೋ ಅದು.

ಇವರಲ್ಲಿ ಯಾರೂ ಉಡುಗೊರೆ ಕೇಳಲಿಲ್ಲ, ಹಣವನ್ನಂತೂ ಕೇಳಲೇ ಇಲ್ಲ. ಸಮಿತಿಯಲ್ಲಿ ಮಾತ್ರ “ತಲೆಗೆ ಇಷ್ಟು ಎಂದು ಭತ್ಯೆ ಕೊಟ್ಟುಬಿಡೋಣ” ಎಂಬ ಸಲಹೆ ಬಂತು. ಈ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಾದ ಗ್ನೀಜಿ ಮತ್ತು ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸಭೆಯ ಮುಂದಿಟ್ಟೆ. ಇಸ್ರೇಲಿನಲ್ಲಿ ಮನೆಮನೆಗೆ ಹೋಗಿ ದತ್ತಿ ಸಂಗ್ರಹಿಸುವ ಶಾಲಾ ವಿದ್ಯಾರ್ಥಿಗಳನ್ನು ಅವರು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಏನೂ ಇಲ್ಲ, ಒಂದಕ್ಕೆ ಸಂಗ್ರಹದ ಶೇ 1ರಷ್ಟು, ಇನ್ನೊಂದಕ್ಕೆ ಶೇ 10ರಷ್ಟು ಪ್ರತಿಫಲ. ಎಲ್ಲಕ್ಕಿಂತ ಹೆಚ್ಚು ಹಣ ತಂದವರು ಏನನ್ನೂ ಪಡೆಯದ ಗುಂಪಿನವರು, ಎಲ್ಲಕ್ಕಿಂತ ಕಡಿಮೆ ತಂದವರು ಶೇ 1 ಪಡೆದವರು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಪುಡಿಗಾಸಿನ ಬೆಲೆ ಕಟ್ಟಿದರೆ ಪ್ರೀತಿಯೂ ಹೋಗುತ್ತದೆ, ಕೂಲಿಯೂ ಸಾಲುವುದಿಲ್ಲ. ಭತ್ಯೆಯ ಮಾತು ಅಲ್ಲಿಗೆ ನಿಂತಿತು.

ಆದರೆ ಸಭೆಯನ್ನು ನಿಜವಾಗಿ ಒಪ್ಪಿಸಿದ್ದು ಪ್ರಯೋಗವಲ್ಲ, ಗವಿಮಠದ ದಾಸೋಹ. ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಗಾಡಿಗಟ್ಟಲೆ ಜೋಳದ ರೊಟ್ಟಿ ಬರುತ್ತವೆ, ಲಕ್ಷಗಟ್ಟಲೆ ಮಿರ್ಚಿ ಕರಿಯಲಾಗುತ್ತದೆ, ಬಡಿಸಲು ಮತ್ತು ಪಾತ್ರೆ ತೊಳೆಯಲು ಜನ ತಾವಾಗಿಯೇ ಬಂದು ನಿಲ್ಲುತ್ತಾರೆ. 2019ರಲ್ಲಿ ಮಠದ ಶ್ರೀಗಳ ಮುಂದಾಳತ್ವದಲ್ಲಿ ಹಿರೇಹಳ್ಳದ ಹೂಳು ಮತ್ತು ಜಾಲಿ ತೆಗೆಯುವ ಕೆಲಸ ನಡೆದಾಗಲೂ ಹೀಗೆಯೇ ಆಯಿತು. ಅಲ್ಲಿ ಪ್ರಮಾಣಪತ್ರವಿಲ್ಲ, ಆದರೂ ಮರುವರ್ಷ ಜನ ಬರುತ್ತಾರೆ. ಭಕ್ತಿ ಒಂದು ಕಾರಣ, ಅದನ್ನು ನಮ್ಮ ಜಾಥಾಕ್ಕೆ ತರಲು ಬರುವುದಿಲ್ಲ. ಇನ್ನುಳಿದ ಕಾರಣಗಳನ್ನು ತರಬಹುದು. ದುಡಿದವರು ಉಣ್ಣದೆ ಅಲ್ಲಿಂದ ಮರಳುವುದಿಲ್ಲ. ಇಂಥ ಊರಿನವರು ಇಂಥ ಸೇವೆಗೆ ಬಂದಿದ್ದಾರೆ ಎಂಬುದು ಗೊತ್ತಿರುತ್ತದೆ. ತಮ್ಮ ಕೈಯ ಕೆಲಸದಿಂದ ಎದುರಿನ ಪಂಕ್ತಿ ತುಂಬುವುದನ್ನು ಅವರು ಕಣ್ಣಾರೆ ಕಾಣುತ್ತಾರೆ. ನಮ್ಮ ಜಾಥಾದಲ್ಲಿ ಈ ಮೂರಕ್ಕೂ ಜಾಗವಿರಲಿಲ್ಲ.

ಬದಲಾದದ್ದು

ಮೊದಲು ಪಟ್ಟಿ ಸಿದ್ಧವಾಯಿತು. ಹೆಸರು, ನಿಲ್ಲುವ ಜಾಗ, ತಲುಪುವ ಹೊತ್ತು, ಬಿಡುಗಡೆಯ ಹೊತ್ತು, ಕರೆತರುವವರು, ಮರಳಿ ಬಿಡುವವರು, ಮನೆಯವರ ಫೋನ್ ಇವಿಷ್ಟೂ ಒಂದು ಹಾಳೆಯಲ್ಲಿ. ಹೆಸರನ್ನು ಅವರವರ ಕೈಯಿಂದಲೇ ಬರೆಸಿಕೊಂಡೆವು. ಯಾವ ತಿರುವಿನಲ್ಲೂ ಒಬ್ಬರನ್ನೇ ನಿಲ್ಲಿಸುವುದಿಲ್ಲ, ಯಾರನ್ನೂ ಮೂರೂವರೆ ತಾಸಿಗಿಂತ ಹೆಚ್ಚು ನಿಲ್ಲಿಸುವುದಿಲ್ಲ ಎಂದು ಗೊತ್ತುಮಾಡಿದೆವು. ವಿದ್ಯಾರ್ಥಿನಿಯರನ್ನು ಮನೆ ಬಾಗಿಲಿನಿಂದ ಕರೆತಂದು ಮನೆ ಬಾಗಿಲಿಗೇ ಬಿಡುವ ವ್ಯವಸ್ಥೆಯಾಯಿತು. ಇವನ್ನು ಕೃತಜ್ಞತೆಯ ಲೆಕ್ಕಕ್ಕೆ ಸೇರಿಸಬಾರದು ಎಂಬುದು ನನ್ನ ಖಚಿತ ನಿಲುವು. ಕರೆದವರು ಮಾಡಲೇಬೇಕಾದ ಕೆಲಸ ಇದು. ಇದನ್ನು ಮಾಡದೆ ವೇದಿಕೆಯ ಮೇಲೆ ಎಷ್ಟು ಸನ್ಮಾನ ಮಾಡಿದರೂ ಅದು ಮುಟ್ಟಬೇಕಾದವರಿಗೆ ಮುಟ್ಟುವುದಿಲ್ಲ.

ನಾಷ್ಟಾ ಎರಡನೆಯ ಬದಲಾವಣೆ. ಮೊದಲು ಭಾಗವಹಿಸಿದವರಿಗೆ ಬಡಿಸಿ ಉಳಿದದ್ದು ಸ್ವಯಂಸೇವಕರಿಗೆ ಎಂಬ ರೂಢಿಯಿತ್ತು. ಅದನ್ನು ತಿರುವುಮುರುವು ಮಾಡಿದೆವು. ನಸುಕಿನಲ್ಲಿ ಜಾಗಕ್ಕೆ ಹೋಗುವ ಮೊದಲೇ ಎಲ್ಲರಿಗೂ ಚಹಾ ಮತ್ತು ಬಾಳೆಹಣ್ಣು. ಬೆಳಿಗ್ಗೆ ಎಂಟರ ಹೊತ್ತಿಗೆ ಅವರು ನಿಂತಲ್ಲಿಗೇ ಮಂಡಕ್ಕಿ ವಗ್ಗರಣಿ ಮತ್ತು ಬಿಸಿ ಮಿರ್ಚಿಯ ಪೊಟ್ಟಣ, ಅವರಿಗಷ್ಟೇ ಮೀಸಲಾದ ನೀರಿನ ಕ್ಯಾನು. ಪೊಟ್ಟಣದ ಮೇಲೆ ಹೆಸರು ಬರೆಯಬೇಕೆಂದು ಸೂಚಿಸಿದವರು ಅಡುಗೆ ಮಾಡುವ ತಾಯಿಯೇ. ಎಣಿಸಿ ಕಟ್ಟಿದರೆ ಕಡಿಮೆ ಬೀಳುವುದುಂಟು, ಹೆಸರು ಬರೆದು ಕಟ್ಟಿದರೆ ಬೀಳುವುದಿಲ್ಲ ಎಂದರು ಅವರು. ಅವರ ಮಾತು ದಿಟವಾಯಿತು.

ಮೂರನೆಯದು ಕೊನೆಯ ವಾಹನ. ಕೊನೆಯ ಸೈಕಲ್‌ನ ಹಿಂದೆ ಒಂದು ಟೆಂಪೊ ಬರಬೇಕು, ಅದರಲ್ಲಿ ಸಮಿತಿಯ ಅಧ್ಯಕ್ಷರೇ ಕುಳಿತಿರಬೇಕು ಎಂದು ನಾನು ಕೇಳಿದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಧ್ಯಕ್ಷರು ವೇದಿಕೆಯಲ್ಲಿ ಇಲ್ಲದಿದ್ದರೆ ಅತಿಥಿಗಳನ್ನು ಬರಮಾಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂತು. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಆ ದಿನ ಅವರು ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದು ತಿರುವಿನಲ್ಲೂ ಇಳಿದರು, ಹೆಸರು ಹಿಡಿದು ಕರೆದರು, “ಇಲ್ಲಿಗೆ ಕೊನೀ ಸೈಕಲ್ ದಾಟಿತವ್ವಾ, ನಿಮ್ಮ ಕೆಲಸ ಮುಗೀತು, ಭಾಳ ಉಪಕಾರ ಆತು” ಎಂದು ಹೇಳಿ ಬಾವುಟ ಮರಳಿ ಪಡೆದರು, ಅವರನ್ನು ಟೆಂಪೊದಲ್ಲಿ ಕೂರಿಸಿಕೊಂಡು ಮುಂದಕ್ಕೆ ಹೋದರು. ಬಿದ್ದ ಲೋಟಗಳನ್ನು ಅವರೂ ಆರಿಸಿ ಚೀಲಕ್ಕೆ ಹಾಕಿದರು. ಹಿಂದಿನ ವರ್ಷದ ಆ ವಿದ್ಯಾರ್ಥಿನಿ ಈ ಸಲವೂ ಬಂದಿದ್ದಳು, ಅದೇ ತಿರುವನ್ನು ತಾನೇ ಕೇಳಿ ಪಡೆದಿದ್ದಳು. ಟೆಂಪೊದಲ್ಲಿ ಬರುತ್ತ ಅವಳು ಅಧ್ಯಕ್ಷರಿಗೆ ಆ ತಿರುವಿನ ಕಲ್ಲುಗುಂಡಿಯ ವಿಷಯ ವಿವರಿಸಿದಳು: ಇಳಿಜಾರಿನಲ್ಲಿ ವೇಗವಾಗಿ ಬರುವವರಿಗೆ ಅದು ಹತ್ತಿರ ಬರುವವರೆಗೂ ಕಾಣುವುದಿಲ್ಲ, ಮುಂದಿನ ವರ್ಷ ಅಲ್ಲಿ ಸುಣ್ಣದ ಗೆರೆ ಎಳೆಯಬೇಕು ಎಂದಳು. ಎರಡು ವರ್ಷ ಆ ಜಾಗದಲ್ಲಿ ನಿಂತವಳಿಗೆ ಮಾತ್ರ ಗೊತ್ತಿರಬಹುದಾದ ಸಂಗತಿ ಅದು. ಸಮಿತಿ ಅದನ್ನು ಬರೆದುಕೊಂಡಿತು.

ನಿರ್ವಹಣಾ ಶಾಸ್ತ್ರದ ಸಂಶೋಧಕರಾದ ಗ್ರ್ಯಾಂಟ್ ಮತ್ತು ಗೀನೊ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿಶ್ವವಿದ್ಯಾಲಯವೊಂದಕ್ಕೆ ಫೋನಿನ ಮೂಲಕ ದೇಣಿಗೆ ಸಂಗ್ರಹಿಸುವವರನ್ನು ಅವರ ಮೇಲಧಿಕಾರಿ ಖುದ್ದಾಗಿ ಕಂಡು ಕೃತಜ್ಞತೆ ಹೇಳಿದ ಬಳಿಕ ಅವರು ಮಾಡಿದ ಕರೆಗಳ ಸಂಖ್ಯೆ ಅರ್ಧಕ್ಕೂ ಮೀರಿ ಹೆಚ್ಚಿತು ಎಂದಿದೆ. ಮಾತು ಉದ್ದವಾಗಿರಲಿಲ್ಲ. ಹೊಣೆ ಹೊತ್ತವರೇ ಅವರ ಜಾಗಕ್ಕೆ ಬಂದು ಹೇಳಿದರು ಎಂಬುದೇ ಮುಖ್ಯ. ನಮ್ಮ ಟೆಂಪೊ ಮಾಡಿದ್ದೂ ಅದನ್ನೇ.

ವೇದಿಕೆಯ ಕಾರ್ಯಕ್ರಮವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆವು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲುಗಳನ್ನು ಬಿಟ್ಟು ಕನ್ನಡ ಪುಸ್ತಕ ಕೊಡಬಹುದೆಂದು ರಾಜ್ಯ ಸರ್ಕಾರ 2021ರ ಆಗಸ್ಟ್‌ನಲ್ಲಿ ಸೂಚಿಸಿದ್ದನ್ನು ನೆನಪಿಸಿ, ದಾನಿಗಳಿಗೂ ಒಂದೊಂದು ಪುಸ್ತಕ ಕೊಟ್ಟು ಮುಗಿಸಿದೆವು. ದಾನಿಗಳು ಬೇಸರಿಸಿಕೊಳ್ಳಲಿಲ್ಲ.

ಟೆಂಪೊ ಮರಳಿದ ಮೇಲೆ ಸ್ವಯಂಸೇವಕರಿಗಾಗಿಯೇ ಊಟದ ಪಂಕ್ತಿ ಹಾಕಿಸಿದ್ದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಗೋಧಿ ಹುಗ್ಗಿ. ಬಡಿಸಿದವರು ಸಮಿತಿಯವರು. ಅಲ್ಲಿಗೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಒಬ್ಬರು ತಾವಾಗಿಯೇ ಬರಲು ಒಪ್ಪಿದ್ದರು. ಒಂದು ಕಾಲಕ್ಕೆ ಆಟೊ ಓಡಿಸುತ್ತಿದ್ದವರು. ಅವರನ್ನು ವೇದಿಕೆಗೆ ಕರೆಯಬಾರದು, ಫೋಟೋ ತೆಗೆಯಬಾರದು, ಕೈಮುಗಿಸಿ ಧನ್ಯವಾದ ಹೇಳಿಸಬಾರದು ಎಂದು ಮೊದಲೇ ತೀರ್ಮಾನಿಸಿದ್ದೆವು, ಏಕೆಂದರೆ ನೆರವು ಪಡೆದವರನ್ನು ಪ್ರದರ್ಶನಕ್ಕಿಟ್ಟು ನೆರವು ಕೊಟ್ಟವರನ್ನು ಖುಷಿಪಡಿಸುವುದು ತಪ್ಪು. ಅವರು ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತರು. ಬೆಳಗಿನಿಂದ ನೀರಿನ ಮೇಜಿನಲ್ಲಿದ್ದ ಹುಡುಗಿಯೊಬ್ಬಳು ಅಭ್ಯಾಸಬಲದಿಂದ ಅವರ ಮುಂದೆಯೂ ತುಂಬಿದ ಲೋಟ ಇಟ್ಟಳು. ಅವರು ಒಂದು ಗುಟುಕು ಕುಡಿದು ಲೋಟವನ್ನು ಪಕ್ಕಕ್ಕೆ ಸರಿಸಿದರು. “ಯವ್ವಾ, ನನಗ ಇಷ್ಟು ನೀರು ಕುಡಿಯಾಕ ಬರೂದಿಲ್ಲ. ದಿನಕ್ಕ ಇಷ್ಟ ಅಂತ ಅಳತಿ ಐತಿ.” ಮೂತ್ರಪಿಂಡ ಕೆಲಸ ನಿಲ್ಲಿಸಿದವರ ದೇಹದಲ್ಲಿ ಕುಡಿದ ನೀರು ಹಾಗೆಯೇ ಉಳಿಯುತ್ತದೆ, ಒಂದು ಡಯಾಲಿಸಿಸ್‌ನಿಂದ ಮುಂದಿನದಕ್ಕೆ ಅದು ಕಾಲಿಗೆ ಬಾವು ತರುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ಬೇಸಿಗೆಯಲ್ಲೂ ಅಳೆದು ಕುಡಿಯಬೇಕು ಎಂದು ಅವರು ತಮ್ಮ ಅನುಭವದ ಮಾತಿನಲ್ಲಿ ತಿಳಿಸಿದರು. ನೂರಾರು ಜನರಿಗೆ ನೀರು ಕೊಟ್ಟು ಬಂದ ಹುಡುಗಿಯರು ಊಟ ಬಿಟ್ಟು ಅವರ ಸುತ್ತ ಕುಳಿತು ಕೇಳಿದರು, ಪ್ರಶ್ನೆ ಕೇಳಿದರು. ವಾರಕ್ಕೆ ಎಷ್ಟು ಸಲ ಬರುತ್ತೀರಿ, ಬಸ್ಸು ಎಷ್ಟು ಹೊತ್ತಿಗೆ, ಮರಳುವಾಗ ಸುಸ್ತಾದರೆ ಏನು ಮಾಡುತ್ತೀರಿ. ಈಗ ಬಸ್ಸಿನ ಚಿಂತೆ ಇಲ್ಲ, ಅದು ನಿಮ್ಮಿಂದ ಎಂದು ಅವರು ಮಾತಿನ ನಡುವೆ ಒಮ್ಮೆ ಹೇಳಿದರು. ದೇಣಿಗೆ ಸಂಗ್ರಹಿಸುವವರು ಅದರ ಫಲ ಪಡೆದ ಒಬ್ಬ ವಿದ್ಯಾರ್ಥಿಯನ್ನು ಐದು ನಿಮಿಷ ಭೇಟಿಯಾದ ಮೇಲೆ ಎರಡು ಪಟ್ಟಿಗೂ ಹೆಚ್ಚು ಹೊತ್ತು ಕೆಲಸ ಮಾಡಿದರೆಂದು ಗ್ರ್ಯಾಂಟ್ ಅವರೇ 2007ರಲ್ಲಿ ತೋರಿಸಿದ್ದರು. ಆ ಪಂಕ್ತಿಯಲ್ಲಿ ಕುಳಿತಿದ್ದ ನನಗೆ ಅದು ಏಕೆ ಹಾಗಾಗುತ್ತದೆಂಬುದು ಅರ್ಥವಾಯಿತು.

ಊಟದ ಬಳಿಕ ಖಜಾಂಚಿ ಅಂದಿನ ಲೆಕ್ಕವನ್ನು ಓದಿದರು. ಬಂದದ್ದೆಷ್ಟು, ಶಾಮಿಯಾನ, ನಂಬರ್ ಚೀಟಿ, ಅಡುಗೆಗೆ ಹೋದದ್ದೆಷ್ಟು, ರೋಗಿಗಳ ಪಾಲಿಗೆ ಉಳಿದದ್ದೆಷ್ಟು. ದಾನಿಗಳಿಗೆ ಲೆಕ್ಕ ಕಳಿಸುವ ಪದ್ಧತಿ ಮೊದಲಿನಿಂದಲೂ ಇತ್ತು, ಮೈ ದಂಡಿಸಿದವರಿಗೆ ಒಪ್ಪಿಸುವ ಪದ್ಧತಿ ಇರಲಿಲ್ಲ. ಹಿಂದೆ ಹಣದ ವಿಷಯ ಕೇಳಿದ್ದ ಯುವಕ ಈಗ ಖಜಾಂಚಿಯವರ ಜೊತೆ ಲೆಕ್ಕ ಬರೆಯುತ್ತಾನೆ.

ಪತ್ರ, ಗೊಂಬೆ, ಮತ್ತು ಒಂದು ತಕರಾರು

ಪ್ರಮಾಣಪತ್ರವನ್ನು ಬಿಡಲಿಲ್ಲ. ಕೆಲಸ ಹುಡುಕುವ ವಿದ್ಯಾರ್ಥಿಗಳಿಗೆ ಅದು ಬೇಕು, ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಒಕ್ಕಣೆ ಬದಲಾಯಿತು: ಯಾವ ಜಾಗ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಕೆಲಸ, ಹೇಳಿಕೊಳ್ಳುವಂಥ ಒಂದು ಸಂಗತಿ. “ಬಿದ್ದು ಗಾಯಗೊಂಡ ಸವಾರರಿಗೆ ಪ್ರಥಮ ಚಿಕಿತ್ಸೆ ಮಾಡಿ ವಾಹನ ಬರುವವರೆಗೆ ಜೊತೆಗಿದ್ದರು” ಎಂಬ ಒಂದು ಸಾಲು ಕೈಬರಹದಲ್ಲಿದ್ದರೆ ಆ ಕಾಗದ ಇನ್ನೊಬ್ಬರಿಗೆ ಹೊಂದುವುದಿಲ್ಲ. ಇಂಗ್ಲೆಂಡಿನಲ್ಲಿ 2004ರಲ್ಲಿ ಆರಂಭವಾಗಿ ಈಗ ಹಲವು ದೇಶಗಳಲ್ಲಿ ಪ್ರತಿವಾರ ನಡೆಯುವ ‘ಪಾರ್ಕ್‌ರನ್’ ಎಂಬ 5 ಕಿಲೋಮೀಟರ್ ಓಟದಲ್ಲಿ ಓಡಿದವರ ಫಲಿತಾಂಶದ ಜೊತೆಗೇ ಆ ವಾರದ ಸ್ವಯಂಸೇವಕರ ಹೆಸರುಗಳನ್ನೂ ಪ್ರಕಟಿಸುತ್ತಾರೆ. ಅದನ್ನು ನೋಡಿ ನಾವೂ ಫಲಿತಾಂಶದ ಫಲಕದಲ್ಲಿ, ಒಪ್ಪಿಗೆ ಕೊಟ್ಟವರ ಹೆಸರುಗಳನ್ನು, ಗೆದ್ದವರ ಹೆಸರಿನ ಗಾತ್ರದ ಅಕ್ಷರದಲ್ಲೇ ಬರೆಸಿದೆವು. ಫೋಟೋಕ್ಕೆ ಒಪ್ಪಿಗೆ ಬೇರೆಯಾಗಿಯೇ ಪಡೆಯುತ್ತೇವೆ.

ಸತತವಾಗಿ ಬಂದವರಿಗೆ ಕಿನ್ನಾಳದ ಚಿಕ್ಕ ಗೊಂಬೆಯೊಂದನ್ನು ಕೊಡಬೇಕೆಂಬ ಸಲಹೆ ಬಂದಾಗ ವಾದವಾಯಿತು. ಸೈಕಲ್‌ಗಳು ಹೋಗಿ ಮರಳುವುದು ಆ ಊರಿನಿಂದಲೇ. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಬಣ್ಣ ಹಾಕುವ ಅಲ್ಲಿನ ಚಿತ್ರಗಾರರ ಕಲೆಗೆ ಆ ಊರಿಗೇ ಸೇರಿದ್ದೆಂಬ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯಿದೆ. ಹಾಗಿದ್ದರೂ ಸಮಿತಿಯ ವೈದ್ಯರೊಬ್ಬರು ಇದನ್ನು ವಿರೋಧಿಸಿದರು. ಒಂದು ಗೊಂಬೆಯ ಹಣದಲ್ಲಿ ರೋಗಿಯೊಬ್ಬರು ಎಷ್ಟು ಸಲ ಬಂದುಹೋಗಬಹುದು ಎಂದು ಅವರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಭಾವುಕವಾಗಿ ಉತ್ತರಿಸಲು ಬಾರದು. ಜಾಥಾದ ಪೆಟ್ಟಿಗೆಯಿಂದ ಗೊಂಬೆಗೆ ಒಂದು ರೂಪಾಯಿಯೂ ಹೋಗಬಾರದು, ಸಮಿತಿಯ ಸದಸ್ಯರು ತಮ್ಮ ಕೈಯಿಂದ ಹಾಕಬೇಕು, ಕಲಾವಿದರೊಂದಿಗೆ ಚೌಕಾಸಿ ಮಾಡಬಾರದು, ಇಷ್ಟಕ್ಕೆ ಒಪ್ಪುವುದಾದರೆ ಕೊಡೋಣ ಎಂದು ತೀರ್ಮಾನವಾಯಿತು. ನಿವೃತ್ತ ಅಂಚೆಯವರು ಶಾಲು ಬೇಡವೆಂದಿದ್ದರು. ಗೊಂಬೆಯನ್ನು ಮಾತ್ರ ಮೊಮ್ಮಗಳಿಗೆಂದು ಸಂತೋಷದಿಂದ ಪಡೆದರು.

ಇನ್ನೊಂದು ವಿಷಯವನ್ನು ಸಮಿತಿಗೆ ಬಿಡಿಸಿ ಹೇಳಬೇಕಾಯಿತು. ಜಾಥಾದಲ್ಲಿ ದುಡಿಯುವವರೆಲ್ಲ ಸ್ವಯಂಸೇವಕರಲ್ಲ. ಸಂಚಾರ ಪೊಲೀಸರು ಮತ್ತು ಗೃಹರಕ್ಷಕರು ಕರ್ತವ್ಯದ ಮೇಲೆ ಬರುತ್ತಾರೆ. ಅವರಿಗೆ ಗೊಂಬೆಗಿಂತ, ಹೆಸರು ಸಹಿತ ಮೇಲಧಿಕಾರಿಗೆ ಬರೆದ ಮೆಚ್ಚುಗೆಯ ಪತ್ರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪೌರಕಾರ್ಮಿಕರದು ಇನ್ನೂ ಬೇರೆ. ಭಾನುವಾರ ನಮ್ಮ ಕಸಕ್ಕಾಗಿ ಅವರನ್ನು ಹೆಚ್ಚು ಹೊತ್ತು ದುಡಿಸಿ, “ನಿಮ್ಮದೂ ದೊಡ್ಡ ಸೇವೆ” ಎಂದು ಹಾರ ಹಾಕಿ ಕಳಿಸುವುದು ಅನ್ಯಾಯ. ದುಡಿಮೆಗೆ ಕೂಲಿ ಸಲ್ಲಬೇಕು, ಅದಕ್ಕಿಂತ ಮೊದಲು ನಮ್ಮ ಕಸವನ್ನು ನಾವೇ ಎತ್ತಬೇಕು. ಈಗ ದಾರಿಯುದ್ದದ ಲೋಟಗಳನ್ನು ಕೊನೆಯ ಟೆಂಪೊ ಎತ್ತುತ್ತದೆ, ಕ್ರೀಡಾಂಗಣವನ್ನು ಸಮಿತಿಯವರೇ ಗುಡಿಸುತ್ತಾರೆ.

ಎಲ್ಲವೂ ಸರಿಹೋಯಿತೆಂದು ಬರೆಯಲಾರೆ. ಮರುವರ್ಷ ಹಳಬರಲ್ಲಿ ಹೆಚ್ಚಿನವರು ಮರಳಿ ಬಂದರು, ತಂಗಿಯನ್ನೋ ಗೆಳೆಯನನ್ನೋ ಜೊತೆಗೆ ಕರೆತಂದರು. ಆದರೆ ಕಿನ್ನಾಳ ರಸ್ತೆಯಲ್ಲಿ ನಿಲ್ಲುವ ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಇನ್ನೂ ಅರೆಬರೆಯಾಗಿದೆ. ರಸ್ತೆ ಬದಿಯ ಎರಡು ಮನೆಗಳವರು ಒಪ್ಪಿದ್ದಾರೆ, ಮೂರನೆಯ ತಿರುವಿನ ಹತ್ತಿರ ಮನೆಯೇ ಇಲ್ಲ. ಆ ತಿರುವಿಗೆ ಸದ್ಯ ಗಂಡಸರನ್ನೇ ನಿಲ್ಲಿಸುತ್ತಿದ್ದೇವೆ, ಇದು ನನಗೆ ಒಪ್ಪಿಗೆಯಾದ ಪರಿಹಾರವಲ್ಲ. ಪಟ್ಟಿಯ ಕೆಲಸವೆಲ್ಲ ಇಬ್ಬರ ತಲೆಯ ಮೇಲಿದೆ, ಅವರಲ್ಲಿ ಒಬ್ಬರಿಗೆ ರಾಯಚೂರಿಗೆ ವರ್ಗವಾಗಿದೆ. ಬರುವ ಫೆಬ್ರುವರಿಗೆ ಸೈಕಲ್ ಜಾಥಾವನ್ನು ಅರ್ಧ ತಾಸು ಮೊದಲು ಹೊರಡಿಸಿ ಒಂಬತ್ತೂವರೆಯೊಳಗೆ ಎಲ್ಲ ತಿರುವುಗಳನ್ನೂ ಬಿಡುಗಡೆ ಮಾಡಬೇಕೆಂದು, ಮೂರನೆಯ ತಿರುವನ್ನು ಶಾಲೆಯಿರುವ ಜಾಗಕ್ಕೆ ಸರಿಸಬಹುದೇ ಎಂದು ಪೊಲೀಸರನ್ನು ಕೇಳಬೇಕೆಂದು ಸಮಿತಿ ನಿರ್ಧರಿಸಿದೆ. ಪಟ್ಟಿಯನ್ನು ಕಲಿತು ಮುಂದುವರಿಸಲು ಆ ವಿದ್ಯಾರ್ಥಿನಿ ಒಪ್ಪಿದ್ದಾಳೆ. ಈಗ ಅವಳು ಸಮಿತಿಯ ಸದಸ್ಯೆ.